ಕಾಗೆ ಹಾರಿಸಿ ಪಡೆದ ಆನರ್ಸ್

ಕಾಲೇಜಿನ ಜೀವಶಾಸ್ತ್ರ ವಿಭಾಗದ ಕಾರಿಡಾರಿನಲ್ಲಿ ಗಾಜಿನ ಬೀರುಗಳಿದ್ದವು. ಬೀರುಗಳ ತುಂಬ ಸಾಲುಸಾಲು ಬಾಟಲಿಗಳು. ಒಂದರಲ್ಲಿ ಕಪ್ಪೆ, ಇನ್ನೊಂದರಲ್ಲಿ ಚೇಳು, ಮತ್ತೊಂದರಲ್ಲಿ ಬೆಳ್ಳಗೆ ಸುರುಳಿ ಸುತ್ತಿಕೊಂಡ ಲಾಡಿಹುಳು. ಪ್ರತಿ ಬಾಟಲಿಗೂ ಒಂದು ಚೀಟಿ, ಚೀಟಿಯ ಮೇಲೆ ಆ ಜೀವಿಯ ಹೆಸರು. ಒಂದು ಸೋಮವಾರ ಬೆಳಿಗ್ಗೆ ನೋಡಿದರೆ ಆಮೆಯ ಬಾಟಲಿಯ ಚೀಟಿ ಬದಲಾಗಿತ್ತು. ‘ವಿಭಾಗದ ಮುಖ್ಯಸ್ಥರು, ಉತ್ತರಪತ್ರಿಕೆ ತಿದ್ದುತ್ತಿರುವಾಗ’ ಎಂದು ದುಂಡಗಿನ ಅಕ್ಷರದಲ್ಲಿ ಬರೆದಿತ್ತು.

ಆ ದುಂಡಗಿನ ಅಕ್ಷರ ಯಾರದೆಂದು ಕಂಡುಹಿಡಿಯಲು ಮುಖ್ಯಸ್ಥರಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಮೊದಲ ವರ್ಷದ ಆ ಹುಡುಗಿಯನ್ನು ಮನೆಯಲ್ಲಿ ಎಲ್ಲರೂ ಚೂಟಿ ಎನ್ನುತ್ತಿದ್ದರು, ಕಾಲೇಜಿನಲ್ಲೂ ಅದೇ ಅಂಟಿಕೊಂಡಿತ್ತು. ಶಿಕ್ಷೆಯಾಗಿ ಅವಳು ಬೀರುಗಳಲ್ಲಿದ್ದ ಅಷ್ಟೂ ಬಾಟಲಿಗಳನ್ನು ಒರೆಸಿ, ಅಷ್ಟೂ ಚೀಟಿಗಳನ್ನು ಹೊಸದಾಗಿ ಬರೆಯಬೇಕಾಯಿತು. ಮುಖ್ಯಸ್ಥರು ಅಂದುಕೊಂಡದ್ದು ಹುಡುಗಿ ಅತ್ತು ಕ್ಷಮೆ ಕೇಳುತ್ತಾಳೆಂದು. ಆದದ್ದೇ ಬೇರೆ. ಬಾಟಲಿ ಒರೆಸುತ್ತ ಒರೆಸುತ್ತ ಅವಳಿಗೆ ಆ ಜೀವಿಗಳ ಮೇಲೆ ಎಲ್ಲಿಲ್ಲದ ಅಕ್ಕರೆ ಹುಟ್ಟಿತು. ಚೇಳಿಗೆ ಎಷ್ಟು ಕಣ್ಣು, ಲಾಡಿಹುಳುವಿಗೆ ಬಾಯಿ ಯಾಕಿಲ್ಲ ಎಂದು ಕಂಡಕಂಡವರನ್ನು ಕೇಳಿ ಪೀಡಿಸತೊಡಗಿದಳು. ಶಿಕ್ಷೆ ಮುಗಿದ ಮೇಲೂ ಬಟ್ಟೆ ಹಿಡಿದುಕೊಂಡು ಕಾರಿಡಾರಿಗೆ ಬರುತ್ತಿದ್ದಳು. ಅವಳಾಗಿ ಬರುತ್ತಿದ್ದಾಳೆಂದು ಗೊತ್ತಾದಾಗ ಮುಖ್ಯಸ್ಥರಿಗೆ ಇನ್ನಷ್ಟು ಸಿಟ್ಟು ಬಂತು.

ಕೊನೆಯ ವರ್ಷ ಬರುವ ಹೊತ್ತಿಗೆ ಚೂಟಿಗೆ ಆನರ್ಸ್ ಹುಚ್ಚು ಹಿಡಿದಿತ್ತು. ಆ ಕಾಲೇಜಿನಲ್ಲಿ ಆನರ್ಸ್ ಎಂದರೆ ಬರೀ ಅಂಕ ತೆಗೆದರೆ ಸಿಗುವಂಥದ್ದಲ್ಲ. ಅಧ್ಯಾಪಕರೊಬ್ಬರು ಮಾರ್ಗದರ್ಶಕರಾಗಲು ಒಪ್ಪಬೇಕು. ಯಾರೂ ಉತ್ತರ ಕೊಟ್ಟಿರದ ಒಂದು ಪ್ರಶ್ನೆ ಹಿಡಿದು ವರ್ಷವಿಡೀ ಸಂಶೋಧನೆ ಮಾಡಬೇಕು. ಪ್ರಬಂಧ ಬರೆಯಬೇಕು. ಕೊನೆಗೆ ಮೂವರು ಪರೀಕ್ಷಕರ ಮುಂದೆ ನಿಂತು ಬರೆದದ್ದನ್ನು ಸಮರ್ಥಿಸಿಕೊಳ್ಳಬೇಕು. ಮೂವರಲ್ಲಿ ಒಬ್ಬರು ಯಾವಾಗಲೂ ವಿಭಾಗದ ಮುಖ್ಯಸ್ಥರೇ.

‘ನಿನ್ನನ್ನ ಯಾರಮ್ಮ ತಗೋತಾರೆ?’ ಎಂದು ಮುಖ್ಯಸ್ಥರು ಕನ್ನಡಕದ ಮೇಲಿಂದ ನೋಡಿದರು.

‘ಕೇಳಿ ನೋಡ್ತೀನಿ, ಸರ್.’

‘ಕೇಳು, ಕೇಳು. ಕೇಳೋದಕ್ಕೆ ಯಾರ ಅಪ್ಪಣೇನೂ ಬೇಕಾಗಿಲ್ಲ.’

ಒಬ್ಬೊಬ್ಬ ಅಧ್ಯಾಪಕರೂ ಒಂದೊಂದು ನೆಪ ಹೇಳಿ ಕೈ ಝಾಡಿಸಿಕೊಂಡರು. ಉಳಿದವರು ಟೋಪಿ ಮೇಡಂ ಒಬ್ಬರೇ. ಹಕ್ಕಿಗಳನ್ನು ನೋಡುತ್ತ ಬಿಸಿಲಲ್ಲಿ ಅಲೆಯುವುದೇ ಅವರ ಕೆಲಸ, ಹಾಗಾಗಿ ತಲೆಯ ಮೇಲೆ ಸದಾ ಅಗಲ ಅಂಚಿನ ಟೋಪಿ. ಟೋಪಿ ಹಾಕಿಕೊಳ್ಳುತ್ತಿದ್ದರೇ ಹೊರತು ಯಾರಿಗೂ ಟೋಪಿ ಹಾಕಿದವರಲ್ಲ, ಇನ್ನೊಬ್ಬರು ಹಾಕಿದರೆ ಬಿಡುವವರೂ ಅಲ್ಲ.

‘ಪ್ರಶ್ನೆ ಇದ್ಯಾ?’ ಎಂದು ಅವರು ಕೇಳಿದರು.

‘ಇದೆ ಮೇಡಂ. ನಮ್ಮ ಚಿಕ್ಕಮ್ಮಂದಿರಿದ್ದಾರೆ.’

‘ಚಿಕ್ಕಮ್ಮಂದಿರು ಎಲ್ಲರಿಗೂ ಇರ್ತಾರೆ. ಪ್ರಶ್ನೆ ಏನು?’

ಆಗ ಚೂಟಿ ಮನೆಯ ಕಥೆ ಬಿಚ್ಚಿದಳು.

ಅವಳ ಮನೆ ಮಹಡಿಯ ಮೇಲೆ. ಕೆಳಗೆ ಅವಳ ಅಮ್ಮನ ಅವಳಿ ತಂಗಿಯರ ಹೊಲಿಗೆ ಅಂಗಡಿ, ಅಂಗಡಿಯ ಹಿಂದೆಯೇ ಅವರ ವಾಸ. ಇಬ್ಬರೂ ಚಿಕ್ಕಮ್ಮಂದಿರೇ ಆದ್ದರಿಂದ ಕಾಲು ಗಂಟೆ ಮೊದಲು ಹುಟ್ಟಿದವಳು ದೊಡ್ಡ ಚಿಕ್ಕಮ್ಮ, ಆಮೇಲೆ ಹುಟ್ಟಿದವಳು ಚಿಕ್ಕ ಚಿಕ್ಕಮ್ಮ. ಕಣ್ಣು, ಮೂಗು, ಗಲ್ಲದ ಮೇಲಿನ ಗುಳಿ, ನಕ್ಕರೆ ಕಾಣುವ ವಸಡು, ಎಲ್ಲ ಒಂದೇ ಅಚ್ಚು. ಉಳಿದ ಬಟ್ಟೆಯಲ್ಲಿ ತಮಗೆ ತಾವೇ ಹೊಲಿದುಕೊಳ್ಳುತ್ತಿದ್ದುದರಿಂದ ಉಡುಪೂ ಒಂದೇ. ಗಿರಾಕಿಗಳು ಒಬ್ಬಳಿಗೆ ಅಳತೆ ಕೊಟ್ಟು ಇನ್ನೊಬ್ಬಳ ಹತ್ತಿರ ಜಗಳ ಆಡುತ್ತಿದ್ದರು. ಸ್ವಂತ ಅಕ್ಕ, ಅಂದರೆ ಚೂಟಿಯ ಅಮ್ಮ ಕೂಡ, ಬೆನ್ನು ಕಂಡರೆ ಇಬ್ಬರ ಹೆಸರನ್ನೂ ಕೂಗಿ ಯಾರು ತಿರುಗುತ್ತಾರೋ ನೋಡುತ್ತಿದ್ದಳು.

ಒಮ್ಮೆ ಕಿಟಕಿಯ ಕಟ್ಟೆಯ ಮೇಲಿಟ್ಟಿದ್ದ ಅಳತೆಯ ಟೇಪನ್ನು ಕಾಗೆಯೊಂದು ಕಚ್ಚಿಕೊಂಡು ಹೋಯಿತು. ಮೂಗಿನ ತುದಿಯಲ್ಲೇ ಕೋಪವಿದ್ದ ಚಿಕ್ಕ ಚಿಕ್ಕಮ್ಮ ಮರದ ಸ್ಕೇಲನ್ನು ಬೀಸಿ ಎಸೆದಳು. ಅದು ಕಾಗೆಗೆ ತಾಗಲಿಲ್ಲ, ಎದುರುಮನೆಯ ಹೂಕುಂಡಕ್ಕೆ ತಾಗಿತು. ಅಂದಿನಿಂದ ಅವಳು ಬಾಗಿಲ ಹೊರಗೆ ಕಾಲಿಟ್ಟರೆ ಸಾಕು, ಬೀದಿಯ ಕಾಗೆಗಳೆಲ್ಲ ತಂತಿಯ ಮೇಲೆ ಸೇರಿ ಬಾಯಿಗೆ ಬಂದಂತೆ ಬೈಯುತ್ತಿದ್ದವು. ದೊಡ್ಡ ಚಿಕ್ಕಮ್ಮ ಹೊರಗೆ ಬಂದರೆ ತೆಪ್ಪಗಿರುತ್ತಿದ್ದವು.

‘ಹೆತ್ತವರಿಗೇ ಗೊತ್ತಾಗ್ತಿರಲಿಲ್ಲವಂತೆ ಮೇಡಂ. ಕಾಗೆಗೆ ಹೇಗೆ ಗೊತ್ತಾಗುತ್ತೆ?’

ಟೋಪಿ ಮೇಡಂ ಟೋಪಿ ತೆಗೆದು ಮೇಜಿನ ಮೇಲಿಟ್ಟರು. ಅವರು ಹಾಗೆ ಮಾಡಿದ್ದನ್ನು ಚೂಟಿ ಅದೇ ಮೊದಲು ನೋಡಿದ್ದು. ‘ಕಾಗೆ ಮನುಷ್ಯರ ಮುಖ ನೆನಪಿಟ್ಕೊಳ್ಳುತ್ತೆ ಅಂತ ಗೊತ್ತಿದೆ’ ಎಂದರು. ‘ಆದರೆ ಒಂದೇ ಮುಖ ಎರಡಿದ್ದರೆ? ಅದನ್ನ ನಾನೆಲ್ಲೂ ಓದಿಲ್ಲ. ನಿಮ್ಮ ಬೀದಿಯ ಕಾಗೆ ಬೇಡ, ಅವಕ್ಕೆ ಮೊದಲೇ ಪೂರ್ವಗ್ರಹ. ಕಾಲೇಜಿನ ಹಿತ್ತಲಲ್ಲಿ ಹೊಸದಾಗಿ ಶುರು ಮಾಡು. ಚಿಕ್ಕಮ್ಮಂದಿರು ಒಪ್ತಾರಾ?’

ಚಿಕ್ಕಮ್ಮಂದಿರು ಒಪ್ಪುವುದೇನು, ಕುಣಿದರು. ಕುಣಿತ ನಿಂತದ್ದು ಅವರಲ್ಲಿ ಒಬ್ಬಳು ಕೆಟ್ಟವಳಾಗಬೇಕು ಎಂದು ತಿಳಿದಾಗ. ಒಬ್ಬಳು ದಿನವೂ ಹಿತ್ತಲಿನ ಬೆಂಚಿನಲ್ಲಿ ಕೂತು ಕಾಗೆಗಳಿಗೆ ಬ್ರೆಡ್ಡಿನ ಚೂರು ಎಸೆಯಬೇಕು. ಇನ್ನೊಬ್ಬಳು ಬೇರೆ ಹೊತ್ತಿನಲ್ಲಿ ಅದೇ ಬೆಂಚಿನಲ್ಲಿ ಸತ್ತ ಕಾಗೆಯಂಥದ್ದನ್ನು ತಲೆಕೆಳಗಾಗಿ ಹಿಡಿದು ಕೂರಬೇಕು. ಸತ್ತ ಕಾಗೆ ಹಿಡಿದವರನ್ನು ಕಾಗೆಗಳು ಕೊಲೆಗಾರರೆಂದೇ ತಿಳಿಯುತ್ತವೆ. ಅವು ಇಬ್ಬರ ಗುರುತು ಹಿಡಿದ ಮೇಲೆ ಬ್ರೆಡ್ಡೂ ಇಲ್ಲ, ಸತ್ತ ಕಾಗೆಯೂ ಇಲ್ಲ. ಒಂದೇ ಬಗೆಯ ಕೋಟು ತೊಟ್ಟು, ಒಮ್ಮೆಗೆ ಒಬ್ಬಳಂತೆ, ಸುಮ್ಮನೆ ಬಂದು ಕೂರಬೇಕು. ಆಗ ಕಾಗೆಗಳು ಯಾರನ್ನು ಬೈಯುತ್ತವೆ ಎನ್ನುವುದೇ ಪರೀಕ್ಷೆ.

ನಾಣ್ಯ ಚಿಮ್ಮಿದರು. ಕೆಟ್ಟವಳ ಪಾತ್ರ ಚಿಕ್ಕ ಚಿಕ್ಕಮ್ಮನಿಗೇ ಬಂತು.

‘ಇಲ್ಲೂ ನಾನೇನಾ?’ ಎಂದಳು ಅವಳು.

‘ನಿಂಗೆ ಅಭ್ಯಾಸ ಇದೆಯಲ್ಲ’ ಎಂದಳು ದೊಡ್ಡ ಚಿಕ್ಕಮ್ಮ.

ಸತ್ತ ಕಾಗೆಯನ್ನು ಇಬ್ಬರೂ ಸೇರಿ ಹೊಲಿದರು. ಕಪ್ಪು ಸ್ಯಾಟಿನ್ ಬಟ್ಟೆ, ಒಳಗೆ ಹತ್ತಿ, ರೆಕ್ಕೆಗೆ ಅಸ್ತರು, ಕಣ್ಣಿಗೆ ಗುಂಡಿ. ಮೊದಲ ಕಾಗೆಯನ್ನು ನೋಡಿ ಟೋಪಿ ಮೇಡಂ ‘ಇದು ಕಾಗೆನಾ, ದಿಂಬಾ?’ ಎಂದು ಕೇಳಿದ್ದರಿಂದ ಅವಮಾನವಾಗಿ ಎರಡನೆಯದಕ್ಕೆ ನಿಜವಾದ ಕಾಗೆಗರಿಗಳನ್ನೇ ಆರಿಸಿ ತಂದು ಒಂದೊಂದಾಗಿ ಕೂಡಿಸಿದರು. ಅದನ್ನು ಕಾಲೇಜಿನ ಹಿತ್ತಲಿಗೆ ಒಯ್ದ ಮೊದಲ ದಿನವೇ ಕಾಗೆಗಳು ಎಬ್ಬಿಸಿದ ಗಲಾಟೆಗೆ ಪಕ್ಕದ ತರಗತಿಯ ಪಾಠ ನಿಂತುಹೋಯಿತು. ಚಿಕ್ಕಮ್ಮಂದಿರಿಗೆ ತಮ್ಮ ಕೈಕೆಲಸದ ಬಗ್ಗೆ ಹೆಮ್ಮೆಯೋ ಹೆಮ್ಮೆ.

ಟೋಪಿ ಮೇಡಂ ಒಂದೊಂದೇ ತೂತು ಮುಚ್ಚಿಸುತ್ತ ಬಂದರು. ನಡಿಗೆಯಿಂದ ಗುರುತು ಸಿಕ್ಕರೆ? ಬೆಂಚನ್ನು ಹಿತ್ತಲಿನ ಶೆಡ್ಡಿನ ಬಾಗಿಲಿಗೆ ತಾಗಿಸಿಯೇ ಇಟ್ಟರು, ಬಾಗಿಲು ತೆರೆದವಳು ಅಲ್ಲೇ ಕೂತುಬಿಡಬೇಕು. ಕೂದಲು? ಇಬ್ಬರಿಗೂ ಒಂದೇ ಬಗೆಯ ಗಂಟು. ದನಿ? ಕೂತಷ್ಟು ಹೊತ್ತು ತುಟಿ ಪಿಟಕ್ಕೆನ್ನಕೂಡದು. ಇಡೀ ಸಂಶೋಧನೆಯಲ್ಲಿ ಅತಿ ಕಷ್ಟವಾದದ್ದು ಇದೇ. ಚಿಕ್ಕಮ್ಮಂದಿರು ನಿದ್ದೆಯಲ್ಲೂ ಮಾತಾಡುವವರು.

‘ಕಾಗೆಗಳನ್ನ ನೋಡೋ ನಿನಗೂ ಯಾರು ಯಾರು ಅಂತ ಗೊತ್ತಿರಬಾರದು’ ಎಂದರು ಮೇಡಂ. ‘ಗೊತ್ತಿದ್ದರೆ ನಿನಗೆ ಬೇಕಾದ ಹಾಗೆ ಕಾಗೆ ಕೂಗಿದ್ದು ಕೇಳಿಸುತ್ತೆ.’

ಅದಕ್ಕೂ ಏರ್ಪಾಡಾಯಿತು. ಯಾವ ಹೊತ್ತಿಗೆ ಯಾರು ಕೂರುವುದೆಂದು ಚಿಕ್ಕಮ್ಮಂದಿರೇ ಶೆಡ್ಡಿನ ಒಳಗೆ ನಾಣ್ಯ ಚಿಮ್ಮಿ ಗುಟ್ಟಾಗಿ ಗೊತ್ತುಮಾಡಿಕೊಳ್ಳುತ್ತಿದ್ದರು. ಕೂತು ಎದ್ದವಳು ದೊಡ್ಡವಳಾದರೆ ದುಂಡು ಗುರುತಿನ ಕಾರ್ಡನ್ನು, ಚಿಕ್ಕವಳಾದರೆ ಮುಕ್ಕೋನದ ಕಾರ್ಡನ್ನು ಒಂದು ಲಕೋಟೆಗೆ ಹಾಕಿ ಅಂಟಿಸಬೇಕು. ಚೂಟಿ ಎರಡನೇ ಮಹಡಿಯ ಪ್ರಯೋಗಾಲಯದ ಕಿಟಕಿಯಲ್ಲಿ ದುರ್ಬೀನು ಹಿಡಿದು, ಎಷ್ಟು ಕಾಗೆ ಸೇರಿದವು, ಎಷ್ಟು ಸಲ ಬೈದವು, ಎಷ್ಟು ಹತ್ತಿರ ಬಂದವು ಎಂದು ಬರೆದುಕೊಳ್ಳಬೇಕು. ಲಕೋಟೆಗಳು ಮೇಡಂ ಹತ್ತಿರ. ಸಾಕಷ್ಟು ಸೇರಿದ ಮೇಲೆ ಎಲ್ಲವನ್ನೂ ಒಟ್ಟಿಗೆ ಒಡೆಯುವುದು.

ಒಂದು ದಿನ ಮುಖ್ಯಸ್ಥರು ಆ ಕಿಟಕಿಯ ಹತ್ತಿರ ನಿಂತರು. ಕೆಳಗೆ ಬೆಂಚಿನ ಮೇಲೆ ಒಬ್ಬಾಕೆ ಗೊಂಬೆಯಂತೆ ಕೂತಿದ್ದಾಳೆ, ಮರದ ತುಂಬ ಕಾಗೆ.

‘ಏನಮ್ಮ, ಕಾಗೆ ಹಾರಿಸ್ತಾ ಇದೀಯಾ?’

‘ಹೌದು, ಸರ್’ ಎಂದಳು ಚೂಟಿ ದುರ್ಬೀನಿನಿಂದ ಕಣ್ಣು ಕೀಳದೆ. ‘ಪ್ರಬಂಧಾನೇ ಅದರ ಮೇಲೆ.’

ಮೊದಲ ಕಂತಿನ ಲಕೋಟೆಗಳನ್ನು ಒಡೆದಾಗ ಚೂಟಿ ನೆಲದ ಮೇಲಿರಲಿಲ್ಲ. ಕಾಗೆಗಳು ಬೈದದ್ದು ಮುಕ್ಕೋನವನ್ನೇ. ದುಂಡು ಬಂದಾಗ ಕೆಳಗಿಳಿದು ಬ್ರೆಡ್ಡಿಗಾಗಿ ಕಾದಿದ್ದವು. ಮೇಡಂ ಮಾತ್ರ ‘ಇನ್ನೊಂದು ಕಂತು ಆಗಲಿ’ ಎಂದರು.

ಎರಡನೆಯ ಕಂತು ಎಲ್ಲವನ್ನೂ ನೀರಿಗೆ ಹಾಕಿತು. ಲಕೋಟೆ ಒಡೆದರೆ, ಕೆಲವು ದಿನ ಕಾಗೆಗಳು ಬ್ರೆಡ್ಡು ಕೊಟ್ಟ ದುಂಡನ್ನೇ ಹಿಗ್ಗಾಮುಗ್ಗಾ ಬೈದಿವೆ. ಮುಕ್ಕೋನದ ಪಾದದ ಹತ್ತಿರ ಬಂದು ಆರಾಮಾಗಿ ಕೂತಿವೆ. ಇನ್ನು ಕೆಲವು ದಿನ ಎಲ್ಲ ಸರಿಯಾಗಿದೆ. ತಲೆಬುಡ ತಿಳಿಯದ ಹಾಗಾಯಿತು.

ಆ ವಾರ ಚೂಟಿ ಪ್ರಬಂಧದ ಒಂದು ಕೋಷ್ಟಕ ತಯಾರಿಸಿದಳು. ಕೆಟ್ಟ ದಿನಗಳು ಅದರಲ್ಲಿ ಇರಲಿಲ್ಲ. ಅವತ್ತು ಗಾಳಿ ಜಾಸ್ತಿ ಇತ್ತು, ಇವತ್ತು ಹಿತ್ತಲಿಗೆ ಬೆಕ್ಕು ಬಂದಿತ್ತು ಎಂದು ಒಂದೊಂದಕ್ಕೂ ಒಂದೊಂದು ಕಾರಣ ಬರೆದಿದ್ದಳು. ಟೋಪಿ ಮೇಡಂ ಓದಿ ಹಾಳೆಯನ್ನು ಅವಳ ಕಡೆಗೆ ತಳ್ಳಿದರು.

‘ಬೆಕ್ಕು ನಿಜವಾಗ್ಲೂ ಬಂದಿತ್ತಾ?’

‘ಬಂದಿತ್ತು, ಮೇಡಂ.’

‘ಒಳ್ಳೇ ಫಲಿತಾಂಶ ಬಂದ ದಿನ ಬಂದಿರಲಿಲ್ವಾ?’

ಚೂಟಿ ಹಾಳೆಯನ್ನು ತನ್ನ ಕಡೆಗೆ ಎಳೆದುಕೊಂಡಳು. ‘ಬಂದಿತ್ತು’ ಎಂದಳು.

‘ನಿನಗೆ ಇಷ್ಟವಿಲ್ಲದ ಅಂಕಿಗಳನ್ನ ತೆಗೆಯೋದಾದರೆ ನನ್ನ ಹೆಸರನ್ನೂ ತೆಗೆದುಬಿಡು. ಕಾಗೆಗೆ ಗೊತ್ತಾಗಲ್ಲ ಅಂತ ಬಂದರೆ ಹಾಗೇ ಬರಿ. ಅದಕ್ಕೂ ಆನರ್ಸ್ ಸಿಗುತ್ತೆ. ಸುಳ್ಳಿಗೆ ಸಿಗಲ್ಲ.’

ಕೀಟಲೆ ಮಾಡಿ ಸಿಕ್ಕಿಬಿದ್ದಾಗ ಚೂಟಿಗೆ ಎಂದೂ ನಾಚಿಕೆಯಾದದ್ದಿಲ್ಲ. ಅವತ್ತು ಕಿವಿಯವರೆಗೂ ಬಿಸಿಯಾಯಿತು. ಆ ಕೋಷ್ಟಕವನ್ನು ಹರಿದು, ಎಲ್ಲ ದಿನಗಳನ್ನೂ ಸೇರಿಸಿ ಹೊಸದು ಬರೆದಳು. ಕೆಳಗೆ, ಅವಳಿಗಳನ್ನು ಕಾಗೆಗಳು ಗುರುತಿಸಬಲ್ಲವೆಂದು ಹೇಳಲಾಗದು ಎಂದು ಒಂದು ಸಾಲು ಸೇರಿಸಿದಳು. ಆ ಒಂದು ಸಾಲು ಬರೆಯಲು ಅವಳಿಗೆ ಇಡೀ ಸಂಜೆ ಹಿಡಿಯಿತು.

ಮಾರನೆಯ ದಿನ ಅಂಗಡಿಯಲ್ಲಿ ಕೂತು ಚಿಕ್ಕಮ್ಮಂದಿರಿಗೆ ಸುದ್ದಿ ಹೇಳಿದಳು. ‘ಕಾಗೆಗಳು ಕೈ ಕೊಟ್ವು. ಬ್ರೆಡ್ ಹಾಕಿದವಳನ್ನೇ ಬೈತವೆ. ಪ್ರಬಂಧ ಮುಗೀತು, ನನ್ನ ಕಥೇನೂ ಮುಗೀತು.’

ಎರಡು ಹೊಲಿಗೆ ಯಂತ್ರಗಳೂ ಒಟ್ಟಿಗೆ ನಿಂತವು. ಚಿಕ್ಕಮ್ಮಂದಿರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದೊಡ್ಡ ಚಿಕ್ಕಮ್ಮ ಇಲ್ಲದ ದಾರವನ್ನು ಬಟ್ಟೆಯಲ್ಲಿ ಹುಡುಕತೊಡಗಿದಳು.

‘ಏನದು?’ ಎಂದಳು ಚೂಟಿ.

‘ಏನಿಲ್ಲ.’

‘ಏನಿಲ್ಲ ಅಂದರೆ ಏನೋ ಇದೆ. ಹೇಳಿ.’

‘ನೀನು ಹೇಳು’ ಎಂದಳು ಒಬ್ಬಳು. ‘ನಿಂದೇ ಐಡಿಯಾ, ನೀನೇ ಹೇಳು’ ಎಂದಳು ಇನ್ನೊಬ್ಬಳು.

ಕೊನೆಗೆ ಚಿಕ್ಕ ಚಿಕ್ಕಮ್ಮ ಬಾಯಿಬಿಟ್ಟಳು. ಮೊದಲ ಕಂತು ಆದ ಮೇಲೆ ಕೆಲವು ದಿನ ಇಬ್ಬರೂ ಕಾರ್ಡು ಅದಲುಬದಲು ಮಾಡಿಕೊಂಡಿದ್ದರು. ಕೂತವಳು ಅವಳೇ, ಲಕೋಟೆಗೆ ಹಾಕಿದ್ದು ದುಂಡು. ಕೂತವಳು ಅಕ್ಕ, ಹಾಕಿದ್ದು ಮುಕ್ಕೋನ.

‘ಯಾಕೆ?’ ಚೂಟಿಯ ದನಿ ಕೀರಲಾಯಿತು.

‘ನೀನು ಅಷ್ಟು ಎತ್ತರದಲ್ಲಿ ಕೂತು ದುರ್ಬೀನು ಹಿಡ್ಕೊಂಡು ಭಾರಿ ವಿಜ್ಞಾನಿ ಥರ ನೋಡ್ತಿದ್ದೆ. ಕಂಡುಹಿಡೀತಾಳಾ ನೋಡೋಣ ಅಂದ್ಕೊಂಡ್ವಿ’ ಎಂದಳು ದೊಡ್ಡ ಚಿಕ್ಕಮ್ಮ. ‘ಬಾಟಲಿಗೆ ಚೀಟಿ ಬದಲಾಯಿಸಿದವಳು ನೀನು. ನಾವು ಬರೀ ಕಾರ್ಡು ಬದಲಾಯಿಸಿದ್ವಿ.’

‘ಅದಷ್ಟೇ ಅಲ್ಲ’ ಎಂದಳು ಚಿಕ್ಕ ಚಿಕ್ಕಮ್ಮ, ಯಂತ್ರದ ಚಕ್ರವನ್ನು ಸುಮ್ಮನೆ ಹಿಂದೆ ಮುಂದೆ ತಿರುಗಿಸುತ್ತ. ‘ಹುಟ್ಟಿದಾಗಿಂದ ನಾವಿಬ್ಬರು ಬೇರೆ ಬೇರೆ ಅಂತ ಒಬ್ಬರಿಗೂ ಗೊತ್ತಾಗಲಿಲ್ಲ. ಗೊತ್ತು ಮಾಡ್ಕೊಂಡಿದ್ದು ಕಾಗೆ. ಅದೂ ಬೈಯೋದಕ್ಕೆ. ಒಂದೆರಡು ದಿನ ಕಾಗದದ ಮೇಲಾದರೂ ನಾನು ಒಳ್ಳೆಯವಳಾಗಿರೋಣ ಅನ್ನಿಸ್ತು.’

ಚೂಟಿಗೆ ರೇಗಬೇಕೋ ನಗಬೇಕೋ ತಿಳಿಯಲಿಲ್ಲ. ಮೊದಲು ರೇಗಿದಳು. ಕೂಗಾಡಿದಳು. ಮಹಡಿಯಿಂದ ಅಮ್ಮ ಇಣುಕಿ ‘ಏನಾಯ್ತೇ?’ ಎಂದು ಕೇಳುವಷ್ಟು ಕೂಗಾಡಿದಳು. ಕೂಗಾಟದ ನಡುವೆಯೇ ಅವಳ ಬಾಯಿ ತೆರೆದದ್ದು ತೆರೆದ ಹಾಗೇ ನಿಂತಿತು. ಕಾರ್ಡು ಸುಳ್ಳು ಹೇಳಿದ ದಿನವೂ ಕಾಗೆ ಬೈದದ್ದು ಚಿಕ್ಕ ಚಿಕ್ಕಮ್ಮನನ್ನೇ ಎಂದಾಯಿತಲ್ಲ. ಅವಳು ದಡಬಡನೆ ಎದ್ದು, ಚಪ್ಪಲಿಯನ್ನೂ ಸರಿಯಾಗಿ ಮೆಟ್ಟದೆ ಟೋಪಿ ಮೇಡಂ ಮನೆಗೆ ಓಡಿದಳು.

ಮೇಡಂ ಗಿಡಗಳಿಗೆ ನೀರು ಹಾಕುತ್ತ ಎಲ್ಲವನ್ನೂ ಕೇಳಿಸಿಕೊಂಡರು. ಮಧ್ಯೆ ಒಮ್ಮೆ ಅವರ ಭುಜ ಕುಲುಕಿತು, ಆದರೆ ತಿರುಗಿದಾಗ ಮುಖ ಗಂಟಿಕ್ಕಿಯೇ ಇತ್ತು.

‘ಯಾವ್ಯಾವ ದಿನ ಬದಲಾಯಿಸಿದರು?’

‘ಕೇಳಿದೆ ಮೇಡಂ. ಒಬ್ಬಳು ಒಂದು ಹೇಳ್ತಾಳೆ, ಇನ್ನೊಬ್ಬಳು ಇನ್ನೊಂದು. ಅದಕ್ಕೂ ಈಗ ಜಗಳ ನಡೀತಿದೆ.’

‘ಅಲ್ಲಿಗೆ ಆಯ್ತು. ಇವತ್ತು ಅವರು ಹೇಳಿದ್ದನ್ನ ನಂಬಿ ತಿದ್ದಿದರೆ, ನಾಳೆ ಬೇರೆ ಹೇಳಿದರೆ ಮತ್ತೆ ತಿದ್ತೀಯಾ? ಆ ಕಂತು ಹೇಗಿದೆಯೋ ಹಾಗೇ ಪ್ರಬಂಧದಲ್ಲಿರಲಿ, ಏನಾಯ್ತು ಅಂತಾನೂ ಬರಿ. ಹೊಸ ಕಂತು ಮಾಡು. ಆದರೆ ಈ ಸಲ ನಿಮ್ಮ ಚಿಕ್ಕಮ್ಮಂದಿರ ಮಾತಿನ ಮೇಲೆ ಏನೂ ನಿಂತಿರಬಾರದು.’

ಹೇಳುವುದು ಸುಲಭ. ಆ ಇಬ್ಬರಲ್ಲಿ ಯಾರು ಯಾರೆಂದು ಅವರನ್ನು ಕೇಳದೆ ತಿಳಿಯುವುದು ಹೇಗೆ? ಪ್ರಬಂಧ ಒಪ್ಪಿಸುವ ದಿನ ಹತ್ತಿರ ಬರುತ್ತಿತ್ತು. ಚೂಟಿ ಉಂಡರೂ ಅದೇ ಯೋಚನೆ, ಮಲಗಿದರೂ ಅದೇ ಯೋಚನೆ.

ಉತ್ತರ ಸಿಕ್ಕಿದ್ದು ಒಂದು ಜಗಳದಲ್ಲಿ. ಗಿರಾಕಿಯೊಬ್ಬರ ಬಿಳಿ ಅಂಗಿಯ ಕಾಲರಿನ ಮೇಲೆ ಯಂತ್ರದ ಎಣ್ಣೆಯ ಕಲೆಯಾಗಿತ್ತು, ಹೆಬ್ಬೆಟ್ಟಿನ ಗುರುತು ಸ್ಪಷ್ಟವಾಗಿ ಮೂಡಿತ್ತು. ‘ಇದು ನಿನ್ನ ಹೆಬ್ಬೆಟ್ಟು’ ಎಂದು ದೊಡ್ಡ ಚಿಕ್ಕಮ್ಮ, ‘ನಂದಲ್ಲ, ನಿಂದು’ ಎಂದು ಚಿಕ್ಕ ಚಿಕ್ಕಮ್ಮ. ಅಂಗಿ ಇಬ್ಬರ ನಡುವೆ ಹಗ್ಗಜಗ್ಗಾಟದಲ್ಲಿ ಸಿಕ್ಕಿತ್ತು. ಚೂಟಿ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದವಳು ಕೆಳಗೆ ಬಂದು, ಚೀಲದಿಂದ ಭೂತಗನ್ನಡಿ ತೆಗೆದಳು.

‘ಇಬ್ಬರೂ ಹೆಬ್ಬೆಟ್ಟು ತೋರಿಸಿ.’

ಅವಳಿಗಳ ಮುಖ ಒಂದೇ ಆದರೂ ಬೆರಳಿನ ಗೆರೆ ಒಂದೇ ಇರುವುದಿಲ್ಲ. ಪುಸ್ತಕದಲ್ಲಿ ಓದಿ ಪರೀಕ್ಷೆಯಲ್ಲಿ ಬರೆದು ಮರೆತಿದ್ದ ವಿಷಯ ಅದು. ಚೂಟಿ ಕಾಲರನ್ನೂ ಬೆರಳುಗಳನ್ನೂ ಒಂದರ ಪಕ್ಕ ಒಂದು ಇಟ್ಟು ನೋಡಿದಳು. ಕಲೆ ದೊಡ್ಡ ಚಿಕ್ಕಮ್ಮನದು. ಆಕೆ ಅಂಗಿಯನ್ನು ಸೋಪಿನ ನೀರಿಗೆ ಹಾಕಲು ಹೋದಳು. ಚಿಕ್ಕ ಚಿಕ್ಕಮ್ಮನಿಗೆ ಅಷ್ಟು ಖುಷಿಯಾದದ್ದನ್ನು ಚೂಟಿ ಅದುವರೆಗೂ ಕಂಡಿರಲಿಲ್ಲ.

ಮೂರನೆಯ ಕಂತು ಹಾಗೆ ಶುರುವಾಯಿತು. ದುಂಡೂ ಇಲ್ಲ, ಮುಕ್ಕೋನವೂ ಇಲ್ಲ. ಬೆಂಚಿನಿಂದ ಎದ್ದವಳು ಶೆಡ್ಡಿನಲ್ಲಿ ಕಾಯುತ್ತಿದ್ದ ಟೋಪಿ ಮೇಡಂ ಎದುರಿಗೇ ಶಾಯಿಯ ಪ್ಯಾಡಿಗೆ ಹೆಬ್ಬೆಟ್ಟು ಒತ್ತಿ ಕಾರ್ಡಿನ ಮೇಲೆ ಊರಬೇಕು. ಮೇಡಂಗೂ ಯಾರು ಯಾರೆಂದು ಗೊತ್ತಿಲ್ಲ, ಚೂಟಿಗೂ ಗೊತ್ತಿಲ್ಲ. ಚಿಕ್ಕಮ್ಮಂದಿರು ಬೇಕಾದ ಆಟ ಆಡಲಿ, ಹೆಬ್ಬೆಟ್ಟನ್ನು ಅದಲುಬದಲು ಮಾಡಲು ಆಗುವುದಿಲ್ಲ. ಆಡಲು ಜಾಗವೇ ಇಲ್ಲದ್ದರಿಂದ ಇಬ್ಬರಿಗೂ ಸ್ವಲ್ಪ ಬೇಸರವಾಯಿತು. ಹಾಗಾಗಿ ಮೇಡಂ ಅವರ ಟೋಪಿಯನ್ನು ಒಮ್ಮೆ ಬಚ್ಚಿಟ್ಟರು. ಅದಕ್ಕೆ ಮೇಡಂ ಏನೂ ಅನ್ನಲಿಲ್ಲ. ಮಾರನೆಯ ದಿನ ಅವರ ಶಾಯಿಯ ಪ್ಯಾಡಿನಲ್ಲಿ ತೊಳೆದರೂ ಹೋಗದ ಶಾಯಿ ಇತ್ತು. ಚಿಕ್ಕಮ್ಮಂದಿರು ಒಂದು ವಾರ ನೇರಳೆ ಹೆಬ್ಬೆಟ್ಟಿನಲ್ಲೇ ಗುಂಡಿ ಹೊಲಿದರು.

ಕಾರ್ಡುಗಳನ್ನು ಹೊರತೆಗೆದ ದಿನ ಚೂಟಿ ಮತ್ತು ಮೇಡಂ ಭೂತಗನ್ನಡಿ ಹಿಡಿದು ಮೊದಲೇ ಒತ್ತಿಸಿಟ್ಟಿದ್ದ ಇಬ್ಬರ ಗುರುತಿನ ಜೊತೆ ಒಂದೊಂದೇ ಗೆರೆ ಹೋಲಿಸಿದರು. ಬೈಗುಳದ ದಿನಗಳೆಲ್ಲ ಚಿಕ್ಕ ಚಿಕ್ಕಮ್ಮನ ಹೆಬ್ಬೆಟ್ಟಿನವು. ಎಲ್ಲೋ ಒಂದೆರಡು ಸಲ ಮಾತ್ರ ಕಾಗೆಗಳು ತಪ್ಪಿದ್ದವು.

‘ಈಗ ಬರಿ’ ಎಂದರು ಮೇಡಂ. ಅಷ್ಟೇ ಹೇಳಿದ್ದು.

ಪ್ರಬಂಧದ ಮೌಖಿಕ ಪರೀಕ್ಷೆ ವಿಭಾಗದ ಸಣ್ಣ ಸಭಾಂಗಣದಲ್ಲಿ ನಡೆಯಿತು. ಬೇಕಾದವರು ಬಂದು ಕೇಳಬಹುದಿತ್ತು. ಚೂಟಿಯ ಅಮ್ಮ ರಜೆ ಹಾಕಿ ಬಂದಿದ್ದಳು. ಹಿಂದಿನ ಸಾಲಿನಲ್ಲಿ ಚಿಕ್ಕಮ್ಮಂದಿರು ಹೊಸ ಕೋಟು ಹೊಲಿದುಕೊಂಡು ಕೂತಿದ್ದರು, ಈ ಸಲವೂ ಒಂದೇ ಬಣ್ಣ. ಮುಂದೆ ಮೂವರು ಪರೀಕ್ಷಕರು: ಟೋಪಿ ಮೇಡಂ, ಮುಖ್ಯಸ್ಥರು, ಹೊರಗಿನ ಕಾಲೇಜಿನಿಂದ ಬಂದಿದ್ದ ವಯಸ್ಸಾದ ಪ್ರಾಧ್ಯಾಪಕರೊಬ್ಬರು. ಈ ಪ್ರಾಧ್ಯಾಪಕರು ಚೂಟಿ ಮಾತು ಶುರು ಮಾಡಿದ ಕೂಡಲೇ ಕಣ್ಣು ಮುಚ್ಚಿದರು.

ಮುಖ್ಯಸ್ಥರು ಪ್ರಬಂಧವನ್ನು ನಿಜಕ್ಕೂ ಓದಿದ್ದರು. ಪ್ರತಿ ಪುಟದಲ್ಲೂ ಕೆಂಪು ಗೆರೆ. ನಡಿಗೆಯ ಬಗ್ಗೆ ಕೇಳಿದರು, ಚೂಟಿ ಬೆಂಚಿನ ಜಾಗ ವಿವರಿಸಿದಳು. ದನಿಯ ಬಗ್ಗೆ ಕೇಳಿದರು.

‘ಮಾತಾಡಬಾರದು ಅಂತ ಹೇಳಿದ್ವಿ, ಸರ್.’

‘ಮಾತಾಡಲಿಲ್ವಾ?’

‘ಒಂದು ಸಲ ಒಬ್ಬರು ಸೀನಿದರು. ಆ ದಿನವನ್ನ ಬೇರೆ ಗುರುತು ಮಾಡಿದೀನಿ.’

ಹಿಂದಿನ ಸಾಲಿನಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಬೆರಳು ಮಾಡಿ ತೋರಿಸಿದರು.

ಮುಖ್ಯಸ್ಥರು ಪುಟ ತಿರುವಿ ಎರಡನೆಯ ಕಂತಿನ ಅಧ್ಯಾಯಕ್ಕೆ ಬಂದರು. ‘ಇದು ಏನು? ನಿನ್ನ ಮನೆಯವರೇ ನಿನ್ನ ಕಣ್ಣಿಗೆ ಮಣ್ಣೆರಚಿದ್ದಾರೆ. ಇಷ್ಟು ದಿನ ನೀನು ಬೆಪ್ಪಾಗಿದ್ದೆ ಅಂತ ನೀನೇ ಬರೆದಿದ್ದೀಯ. ಈ ಅಧ್ಯಾಯ ಇಲ್ಲದೇ ಇದ್ದಿದ್ದರೆ ಪ್ರಬಂಧ ಎಷ್ಟು ಚೊಕ್ಕವಾಗಿರ್ತಿತ್ತು. ಯಾಕೆ ಇಟ್ಟೆ?’

ಟೋಪಿ ಮೇಡಂ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದರು. ತಾನು ಹರಿದು ಹಾಕಿದ ಕೋಷ್ಟಕ ಚೂಟಿಯ ಕಣ್ಣ ಮುಂದೆ ಬಂತು.

‘ಮೊದಲು ತೆಗೆದಿದ್ದೆ, ಸರ್’ ಎಂದಳು. ‘ಮೇಡಂ ಬೈದರು. ಆಮೇಲೆ ನಂಗೇ ಅನ್ನಿಸ್ತು, ನಾನು ಮೋಸ ಹೋದೆ, ಕಾಗೆ ಹೋಗಲಿಲ್ಲ. ನನ್ನ ಫಲಿತಾಂಶಾನೇ ಅದು. ಅದನ್ನ ಬಿಟ್ಟು ಬೇರೆ ಏನು ಬರೀಲಿ?’

ಹೊರಗಿನ ಪ್ರಾಧ್ಯಾಪಕರು ಕಣ್ಣು ತೆರೆದರು. ಅವರು ಒಂದು ಕ್ಷಣವೂ ನಿದ್ದೆ ಮಾಡಿರಲಿಲ್ಲವೆಂದು ಆಗ ಎಲ್ಲರಿಗೂ ಗೊತ್ತಾಯಿತು. ‘ಹಿಂದೆ ಕೂತಿರೋರು ಅವರೇನಾ?’ ಎಂದು ಕೇಳಿದರು.

‘ಹೌದು, ಸರ್.’

‘ಎದ್ದು ನಿಲ್ಲಿ, ಇಬ್ಬರೂ.’ ಇಬ್ಬರೂ ಎದ್ದರು. ‘ಈಗ ಹೇಳು. ಇಷ್ಟು ವರ್ಷ ಜೊತೆಗಿದ್ದೀಯ. ಇವರಲ್ಲಿ ಕಾಗೆ ಬೈಯೋದು ಯಾರನ್ನ?’

ಚೂಟಿ ನೋಡಿದಳು. ಎಡಗಡೆಯವಳು ಬೇಕೆಂದೇ ಸಿಡುಕು ಮುಖ ಮಾಡಿಕೊಂಡಿದ್ದಾಳೆ. ಹಾಗಾದರೆ ಅವಳು ದೊಡ್ಡವಳು. ಅಥವಾ ಹಾಗೆಂದು ತಿಳಿಯಲಿ ಎಂದೇ ಚಿಕ್ಕವಳು ಹಾಗೆ ಮಾಡಿರಬಹುದು. ಬಲಗಡೆಯವಳ ಮುಖ ಹಾಲಿನಂತೆ ಸಾಧುವಾಗಿದೆ, ಅದನ್ನಂತೂ ನಂಬುವ ಹಾಗೇ ಇಲ್ಲ.

‘ಗೊತ್ತಿಲ್ಲ, ಸರ್’ ಎಂದಳು. ‘ಒಂದು ಕಾಗೆ ಕರೆಸಬೇಕಾಗುತ್ತೆ.’

ಮೊದಲು ನಕ್ಕವರು ಹೊರಗಿನ ಪ್ರಾಧ್ಯಾಪಕರು. ಅಮ್ಮನೂ ನಕ್ಕಳು. ಮುಖ್ಯಸ್ಥರು ನಗಲಿಲ್ಲ, ಆದರೆ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

ಸಂಜೆ ಫಲಿತಾಂಶದ ಹಾಳೆಯನ್ನು ಸೂಚನಾ ಫಲಕಕ್ಕೆ ಅಂಟಿಸಿದವರು ಮುಖ್ಯಸ್ಥರೇ. ಚೂಟಿಯ ಹೆಸರಿನ ಮುಂದೆ ‘ಆನರ್ಸ್’ ಎಂದಿತ್ತು. ಅವಳು ಅದನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಅವಳಿಗೆ ಅಳು ಬಂತು. ಬಾಟಲಿ ಒರೆಸುವಾಗ ಅಳದಿದ್ದವಳು ಈಗ ಯಾಕೆ ಅಳುತ್ತಾಳೆಂದು ತಿಳಿಯದೆ ಮುಖ್ಯಸ್ಥರು ಕರವಸ್ತ್ರ ಕೊಟ್ಟು ಬೇಗಬೇಗ ಹೊರಟುಹೋದರು. ಚಿಕ್ಕಮ್ಮಂದಿರು ಅಂಗಡಿಗೆ ಎರಡು ದಿನ ಬೀಗ ಹಾಕಿ, ಕೇಳಿದವರಿಗೂ ಕೇಳದವರಿಗೂ ‘ಆನರ್ಸ್ ನಮಗೆ ಬಂತು’ ಎಂದು ಹೇಳಿಕೊಂಡು ತಿರುಗಿದರು.

ಆ ವರ್ಷ ಟೋಪಿ ಮೇಡಂ ಚೂಟಿಯನ್ನು ಸಂಶೋಧನಾ ಸಹಾಯಕಿಯಾಗಿ ತೆಗೆದುಕೊಂಡರು. ಹೊಸ ಪ್ರಶ್ನೆ, ಕಾಗೆಯ ಸಿಟ್ಟು ಎಷ್ಟು ಕಾಲ ಉಳಿಯುತ್ತದೆ ಎನ್ನುವುದು. ಅದಕ್ಕೆ ಹೊಸ ಕೆಟ್ಟ ಮನುಷ್ಯ ಬೇಕಾಗಿತ್ತು. ಚಿಕ್ಕ ಚಿಕ್ಕಮ್ಮ ಖಡಾಖಂಡಿತವಾಗಿ ಆಗುವುದಿಲ್ಲವೆಂದಳು. ಅವಳು ಆಗಲೇ ಬಿಡುವಾದಾಗಲೆಲ್ಲ ಬ್ರೆಡ್ಡಿನ ಚೀಲ ಹಿಡಿದು ಕಾಲೇಜಿನ ಹಿತ್ತಲಿಗೆ ಹೋಗಿ, ಬೈಗುಳ ಕೇಳುತ್ತಲೇ ಚೂರು ಎಸೆದು ಬರುತ್ತಿದ್ದಳು. ಕಾಗೆಗಳೂ ಈಚೆಗೆ ಬೈಯುತ್ತ ಬೈಯುತ್ತ ತಿನ್ನುವುದಕ್ಕೆ ಶುರು ಮಾಡಿದ್ದವು. ದೊಡ್ಡ ಚಿಕ್ಕಮ್ಮ ತಾನು ಗಳಿಸಿದ ಒಳ್ಳೆಯ ಹೆಸರನ್ನು ಕೆಡಿಸಿಕೊಳ್ಳಲು ಸಿದ್ಧಳಿರಲಿಲ್ಲ. ವಿಭಾಗದ ಸಭೆಯಲ್ಲಿ ಮೇಡಂ ವಿಷಯ ಎತ್ತಿದಾಗ ಎಲ್ಲರೂ ತಲೆ ತಗ್ಗಿಸಿ ಕೂತರು. ಕೊನೆಗೆ ಮುಖ್ಯಸ್ಥರು ಗಂಟಲು ಸರಿಮಾಡಿಕೊಂಡರು.

‘ವಿಜ್ಞಾನಕ್ಕಾಗಿ ಅಂದರೆ ನಾನೇ ಕೂರ್ತೀನಿ. ಅದರಲ್ಲೇನಿದೆ?’

ಅವರು ಗಂಭೀರವಾಗಿ, ಟೈ ಕಟ್ಟಿಕೊಂಡು, ಗರಿ ಹೊಲಿದ ಕಾಗೆಯನ್ನು ತಲೆಕೆಳಗಾಗಿ ಹಿಡಿದು ಬೆಂಚಿನ ಮೇಲೆ ಕೂತರು. ಹೇಳಿದಷ್ಟು ದಿನ, ಹೇಳಿದಷ್ಟು ಹೊತ್ತು ಕೂತರು. ಈಗ ಅವರು ಬೆಳಿಗ್ಗೆ ಕಾರಿನಿಂದ ಇಳಿದರೆ ವಿಭಾಗದ ಬಾಗಿಲು ಸೇರುವವರೆಗೂ ಕಾಗೆಗಳು ಮರದಿಂದ ಮರಕ್ಕೆ ಹಾರುತ್ತ ಬೈದುಕೊಂಡೇ ಬರುತ್ತವೆ. ಮೊನ್ನೆ ಕೊಡೆ ಅಡ್ಡ ಹಿಡಿದುಕೊಂಡು ಒಳಗೆ ಬಂದವರು ಚೂಟಿಯ ಮೇಜಿನ ಮುಂದೆ ನಿಂತರು.

‘ಎಷ್ಟು ದಿನ ಇರುತ್ತಮ್ಮ ಇದು?’

‘ಅದನ್ನೇ, ಸರ್, ನಾವು ಕಂಡುಹಿಡೀಬೇಕಾಗಿರೋದು’ ಎಂದು ಚೂಟಿ ದುರ್ಬೀನು ತೆಗೆದುಕೊಂಡು ಕಿಟಕಿಯ ಕಡೆ ನಡೆದಳು.